ಫ್ಯಾನ್ ಬಿಚ್ಚಿಕೊಂಡು ಹೋಗಬಹುದು, ಟೈಲ್ಸ್ ಆಗದು: ಹಳೇ ಕಂಪ್ಯೂಟರಿಗೆ ಎಷ್ಟು ದುಡ್ಡು ಹಾಕಬೇಕು?

(ಬೆಂಗಳೂರಿನ ಬಡಾವಣೆಯೊಂದರ ವಾಚನಾಲಯದಲ್ಲಿ ನೀಡಿದ ಉಪನ್ಯಾಸ. ಧ್ವನಿಮುದ್ರಣದಿಂದ ಬರಹಕ್ಕೆ ಇಳಿಸಿದ್ದು.)

ಇಲ್ಲಿ ಕೂತಿರುವ ಹೆಚ್ಚಿನವರ ದೂರು ಒಂದೇ: "ಕಂಪ್ಯೂಟರ್ ಸ್ಲೋ ಆಗಿದೆ." ಡಾಕ್ಟರ ಹತ್ತಿರ ಹೋಗಿ "ಮೈಯಲ್ಲಿ ಹುಷಾರಿಲ್ಲ" ಅಂದ ಹಾಗೆ ಅದು. ಅಷ್ಟೇ ಹೇಳಿಕೊಂಡು ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಗಳಿಗೆ ಹೋದರೆ ಒಬ್ಬರು ರ‍್ಯಾಮ್ (ಕೆಲಸ ನಡೆಯುವಾಗಿನ ಮೆಮೊರಿ) ಹಾಕಿಸಿ ಅನ್ನುತ್ತಾರೆ, ಪಕ್ಕದ ಅಂಗಡಿಯವರು ತಿರುಗುವ ಡಿಸ್ಕಿನ ಬದಲು ಚಿಪ್ಪಿನ ಡಿಸ್ಕು, ಅಂದರೆ ಎಸ್‌ಎಸ್‌ಡಿ ಅನ್ನುತ್ತಾರೆ, ಮೂರನೆಯವರು "ಸಾರ್, ಇದು ಹಳೇ ಮಾಡೆಲ್ಲು, ಹೊಸದೇ ತಗೊಂಡುಬಿಡಿ" ಅನ್ನುತ್ತಾರೆ. ಮೂವರಲ್ಲಿ ಯಾರದೂ ಸುಳ್ಳಲ್ಲ. ರೋಗ ಯಾವುದು ಅಂತ ನೀವು ಹೇಳಿಲ್ಲ, ಅವರು ತಮ್ಮ ಕಪಾಟಿನಲ್ಲಿರುವ ಔಷಧಿ ಕೊಟ್ಟರು.

ಹಾಗಾಗಿ ಮನೆಯಿಂದ ಹೊರಡುವ ಮೊದಲು ಒಂದು ಕಾಲು ಗಂಟೆ ಕೊಡಿ. ಕಂಪ್ಯೂಟರ್ ಆನ್ ಮಾಡಿ, ಪರದೆ ಬಂದು ಐದು ನಿಮಿಷ ಕಳೆಯಲಿ. ನೀವು ದಿನಾ ಮಾಡುವ ಕೆಲಸವನ್ನೇ ಶುರು ಮಾಡಿ, ಅಂದರೆ ಬ್ರೌಸರಿನಲ್ಲಿ ಎಂಟು ಹತ್ತು ಟ್ಯಾಬು, ಒಂದು ಎಕ್ಸೆಲ್ ಶೀಟು, ಮಕ್ಕಳಿದ್ದರೆ ಒಂದು ವಿಡಿಯೊ ಕ್ಲಾಸು. ಆಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ಅನ್ನುವ ಪುಟಕ್ಕೆ ಹೋಗಿ. ಎಡಗಡೆ ಸಿಪಿಯು (ಪ್ರೊಸೆಸರು), ಮೆಮೊರಿ, ಡಿಸ್ಕ್ ಅಂತ ಮೂರು ಗ್ರಾಫು ಕಾಣುತ್ತವೆ. ಯಾವುದು ಮೇಲೆ ಹೋಗಿ ತಲೆ ತಗುಲಿಸಿಕೊಂಡು ನಿಂತಿದೆಯೋ, ಉಳಿದ ಎಲ್ಲವೂ ಅದಕ್ಕಾಗಿ ಕಾಯುತ್ತಿವೆ.

ಡಿಸ್ಕ್ ನೂರಕ್ಕೆ ನೂರು ತೋರಿಸುತ್ತಿದೆ, ಆದರೆ ಕೆಳಗೆ ವೇಗ ನೋಡಿದರೆ ಸೆಕೆಂಡಿಗೆ ಒಂದೋ ಎರಡೋ ಎಂಬಿ ಮಾತ್ರ. ಇದು ತಿರುಗುವ ಹಾರ್ಡ್ ಡಿಸ್ಕಿನ ಲಕ್ಷಣ. ಕಾರಣ ಸರಳ ಲೆಕ್ಕ. ಡೆಸ್ಕ್‌ಟಾಪ್ ಹಾರ್ಡ್ ಡಿಸ್ಕು ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ, ಸೆಕೆಂಡಿಗೆ 120. ಒಂದು ಸುತ್ತಿಗೆ 8.3 ಮಿಲಿಸೆಕೆಂಡು. ಬೇಕಾದ ಜಾಗ ಸೂಜಿಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಅದು 4 ಮಿಲಿಸೆಕೆಂಡಿನ ಮೇಲೆ. ಸೂಜಿ ಆ ಸಾಲಿಗೆ ಸರಿಯಲು ಇನ್ನೊಂದು 8, 9. ಒಟ್ಟು 13 ಮಿಲಿಸೆಕೆಂಡು ಹಿಡಿಯಿರಿ. ಅಂದರೆ ಸೆಕೆಂಡಿಗೆ ಎಪ್ಪತ್ತೈದು ಎಂಬತ್ತು ಸಲ ಮಾತ್ರ ಹೊಸ ಜಾಗಕ್ಕೆ ಹೋಗಿಬರಬಹುದು. ಒಂದೊಂದು ಸಲಕ್ಕೆ ನಾಲ್ಕು ಕೆಬಿ ತಂದರೆ ಸೆಕೆಂಡಿಗೆ 300 ಕೆಬಿ ಚಿಲ್ಲರೆ. ವಿಂಡೋಸ್ ಏಳುವಾಗ ಓದುವುದೇ ಇಂಥ ಸಾವಿರಾರು ಚಿಕ್ಕ ಚಿಕ್ಕ ಫೈಲುಗಳನ್ನು. ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕು ಸಾಮಾನ್ಯವಾಗಿ 5400 ಸುತ್ತಿನದು, ಇನ್ನೂ ನಿಧಾನ. ಎಸ್‌ಎಸ್‌ಡಿಯಲ್ಲಿ ತಿರುಗುವುದು ಸರಿಯುವುದು ಎರಡೂ ಇಲ್ಲ. ಸಾಧಾರಣ ಸಾಟಾ (ಹಾರ್ಡ್ ಡಿಸ್ಕಿನ ಕೇಬಲಿಗೇ ಜೋಡಿಸುವ) ಎಸ್‌ಎಸ್‌ಡಿ ಕೂಡ ಸೆಕೆಂಡಿಗೆ ಹತ್ತಾರು ಸಾವಿರ ಸಲ ಆ ಕೆಲಸ ಮಾಡುತ್ತದೆ. ಹತ್ತು ವರ್ಷದ ಕಂಪ್ಯೂಟರಿಗೆ ಎಸ್‌ಎಸ್‌ಡಿ ಹಾಕಿದ ದಿನ "ಹೊಸದೇ ಬಂದ ಹಾಗಿದೆ" ಅಂತ ಜನ ಹೇಳುವುದು ಇದಕ್ಕೇ.

ಇಲ್ಲೊಂದು ಮೋಸ ಇದೆ, ಗಮನಿಸಿ. ಡಿಸ್ಕ್ 100 ತೋರಿಸಿದ ಮಾತ್ರಕ್ಕೆ ತಪ್ಪು ಡಿಸ್ಕಿನದೇ ಆಗಿರಬೇಕಿಲ್ಲ. ರ‍್ಯಾಮ್ ಸಾಲದಿದ್ದಾಗ ವಿಂಡೋಸ್ ಕೆಲವು ಸಾಮಾನನ್ನು ಡಿಸ್ಕಿಗೆ ಸಾಗಿಸಿ, ಬೇಕಾದಾಗ ಮತ್ತೆ ತರುತ್ತದೆ. ಅಡುಗೆಮನೆ ಚಿಕ್ಕದಾಯಿತು ಅಂತ ಡಬ್ಬಿಗಳನ್ನು ಅಟ್ಟದ ಮೇಲಿಟ್ಟು ಒಗ್ಗರಣೆಗೊಮ್ಮೆ ಏಣಿ ಹತ್ತಿದ ಹಾಗೆ. ಪತ್ತೆ ಹಚ್ಚಲು ಮೆಮೊರಿ ಪುಟದಲ್ಲಿ 'ಕಮಿಟೆಡ್' ಅನ್ನುವ ಅಂಕಿ ನೋಡಿ. ನಿಮ್ಮಲ್ಲಿರುವುದು 8 ಜಿಬಿ, ಕಮಿಟೆಡ್ 11 ಅಥವಾ 12 ಅಂತ ಇದ್ದರೆ ಏಣಿ ಹತ್ತುವುದು ನಡೆದಿರುವ ಸಾಧ್ಯತೆ ಹೆಚ್ಚು. ಆಗ ಎಸ್‌ಎಸ್‌ಡಿ ಒಂದನ್ನೇ ಹಾಕಿದರೆ ಏಣಿ ಹತ್ತುವ ವೇಗ ಹೆಚ್ಚುತ್ತದೆ ಅಷ್ಟೆ, ಅಡುಗೆಮನೆ ದೊಡ್ಡದಾಗುವುದಿಲ್ಲ. ವಿಂಡೋಸ್ 11ಕ್ಕೆ ಕಂಪನಿ ಹೇಳುವ ಕನಿಷ್ಠ 4 ಜಿಬಿ. ಅದರಲ್ಲಿ ಏಳುತ್ತದೆ, ಕೂರುತ್ತದೆ, ಕೆಲಸ ಮಾತ್ರ ಆಗುವುದಿಲ್ಲ. ಮನೆ ಬಳಕೆಗೆ 8 ಬೇಕು, 16 ಇದ್ದರೆ ನಿಶ್ಚಿಂತೆ.

ಇನ್ನು ಸಿಪಿಯು. ಗ್ರಾಫಿನ ಕೆಳಗೆ 'ಸ್ಪೀಡ್' ಅಂತ ಇರುತ್ತದೆ. ಕೆಲಸ ಜೋರಾಗಿ ನಡೆದಿರುವಾಗ 3 ಗಿಗಾಹರ್ಟ್ಸಿನ ಪ್ರೊಸೆಸರು 0.8ರಲ್ಲಿ ತೆವಳುತ್ತಿದ್ದರೆ ಅದು ಮುದಿಯಾದದ್ದಲ್ಲ, ಬೆಂದುಹೋಗುತ್ತಿದೆ. ಇಂಟೆಲ್ ಪ್ರೊಸೆಸರುಗಳು ಹೆಚ್ಚಾಗಿ 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗ ತಮ್ಮನ್ನು ತಾವು ಉಳಿಸಿಕೊಳ್ಳಲು ವೇಗ ಇಳಿಸುತ್ತವೆ. ಲ್ಯಾಪ್‌ಟಾಪಿನಲ್ಲಾದರೆ ಇನ್ನೊಂದು ಕಾರಣ, ಚಾರ್ಜರು. ಒರಿಜಿನಲ್ ಅಲ್ಲದ, ಲ್ಯಾಪ್‌ಟಾಪು ಗುರುತಿಸದ ಅಡಾಪ್ಟರ್ ಹಾಕಿದರೆ ಕೆಲವು ಮಾಡೆಲುಗಳು ಹೀಗೇ ವೇಗ ತಗ್ಗಿಸುತ್ತವೆ. ಎರಡಕ್ಕೂ ಹೊಸ ಕಂಪ್ಯೂಟರ್ ಬೇಕಾಗಿಲ್ಲ.

ಮೇಜಿನ ಮೇಲೆ ಬಿಚ್ಚಿಟ್ಟಿರುವ ಈ ಕ್ಯಾಬಿನೆಟ್ ನೋಡಿ. ಕೂಲರಿನ ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಹತ್ತಿಯ ಹಾಸಿಗೆ ಹಾಸಿದ ಹಾಗೆ ಬೂದು ಬಣ್ಣದ ಪದರ ಇದೆ. ರಸ್ತೆ ಬದಿಯ ಮನೆಗಳಲ್ಲಿ ಒಂದೇ ವರ್ಷಕ್ಕೆ ಇಷ್ಟು ಕೂರುತ್ತದೆ. ನಮ್ಮೂರಲ್ಲಿ ರಸ್ತೆ ಅಗೆಯದ ವರ್ಷ ಯಾವುದಿದೆ ಹೇಳಿ. ಬ್ಲೋಯರಿನಲ್ಲಿ ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಿ. ಗಾಳಿಗೆ ಬಿಟ್ಟರೆ ಅದು ಮಿತಿಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಕೂಲರ್ ತೆಗೆದು, ಪ್ರೊಸೆಸರಿನ ಬಿಸಿಯನ್ನು ಅದಕ್ಕೆ ದಾಟಿಸುವ ಪೇಸ್ಟ್ ಬದಲಿಸುವುದಾದರೆ, ಮೊದಲು ಹತ್ತು ನಿಮಿಷ ಕಂಪ್ಯೂಟರ್ ಓಡಿಸಿ ಆಫ್ ಮಾಡಿ. ಬಿಸಿಗೆ ಹಳೇ ಪೇಸ್ಟು ಮೆತ್ತಗಾಗುತ್ತದೆ. ನೇರ ಮೇಲಕ್ಕೆ ಎಳೆಯಬೇಡಿ, ಎಡಕ್ಕೆ ಬಲಕ್ಕೆ ಸ್ವಲ್ಪ ತಿರುಚಿ ಬಿಡಿಸಿ. ಎಎಂಡಿ ಕಂಪನಿಯ ಪ್ರೊಸೆಸರಿಗೆ ಇರುವ ಎಎಂ4 ಸಾಕೆಟ್ಟಿನ ಬೋರ್ಡುಗಳಲ್ಲಿ ಇದು ಬಹಳ ಮುಖ್ಯ, ಯಾಕೆಂದರೆ ಒಣಗಿದ ಪೇಸ್ಟಿಗೆ ಅಂಟಿಕೊಂಡು ಪ್ರೊಸೆಸರೇ ಸಾಕೆಟ್ಟಿನಿಂದ ಕಿತ್ತು ಬರುತ್ತದೆ, ಕೆಳಗಿನ ಪಿನ್ನುಗಳು ಬಾಗುತ್ತವೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಹೊಸ ಪೇಸ್ಟು ಒಂದು ತೊಗರಿಕಾಳಿನಷ್ಟು ನಡುವೆ ಇಟ್ಟರೆ ಸಾಕು. ದೋಸೆಗೆ ಬೆಣ್ಣೆ ಸವರಿದ ಹಾಗೆ ಸವರುವ ಅಗತ್ಯ ಇಲ್ಲ.

ನಿಧಾನ ಅಲ್ಲ, ತೊಂದರೆ ಕೊಡುತ್ತಿದೆ ಅನ್ನುವವರಿಗೂ ಎರಡು ಮಾತು. ದಿನಾ ಆನ್ ಮಾಡಿದಾಗ ತಾರೀಖು ಹಿಂದಕ್ಕೆ ಹೋಗಿರುತ್ತದೆ, ಬ್ಯಾಂಕಿನ ಸೈಟು "ಸುರಕ್ಷಿತವಲ್ಲ" ಅಂತ ಹೇಳಿ ತೆರೆಯುವುದೇ ಇಲ್ಲ. ಇದನ್ನು ವೈರಸ್ ಅಂತ ತಿಳಿದು ಫಾರ್ಮ್ಯಾಟ್ ಮಾಡಿಸಿದವರಿದ್ದಾರೆ. ಮದರ್‌ಬೋರ್ಡಿನ ಮೇಲಿರುವ ಈ ಬಿಲ್ಲೆ ಬ್ಯಾಟರಿ, ಸಿಆರ್2032, ಮೂರು ವೋಲ್ಟಿನದು, ಸತ್ತಿದೆ ಅಷ್ಟೆ. ತಾರೀಖು ತಪ್ಪಾದರೆ ಸೈಟಿನ ಪ್ರಮಾಣಪತ್ರದ ಅವಧಿ ತಾಳೆಯಾಗುವುದಿಲ್ಲ, ಬ್ರೌಸರು ಬಾಗಿಲು ಹಾಕುತ್ತದೆ. ನೂರು ರೂಪಾಯಿಯೊಳಗಿನ ರಿಪೇರಿ.

ಇನ್ನೊಂದು, ಹಾರ್ಡ್ ಡಿಸ್ಕಿನ ನಾಡಿ. ಕ್ರಿಸ್ಟಲ್ ಡಿಸ್ಕ್ ಇನ್ಫೊ ಅನ್ನುವ ಉಚಿತ ತಂತ್ರಾಂಶ ಹಾಕಿ ನೋಡಿ. ಪಟ್ಟಿಯಲ್ಲಿ 05 ಮತ್ತು ಸಿ5 ಅನ್ನುವ ಎರಡು ಸಾಲು ಹುಡುಕಿ. 05 ಅಂದರೆ ಕೆಟ್ಟ ಜಾಗ ಬಿಟ್ಟು ಬೇರೆಡೆಗೆ ಸ್ಥಳಾಂತರಿಸಿದ ಸೆಕ್ಟರುಗಳು, ಸಿ5 ಅಂದರೆ ಓದಲಾಗದೆ ಕಾದು ಕೂತಿರುವವು. ಕಚ್ಚಾ ಅಂಕಣದಲ್ಲಿ ಎರಡೂ ಸೊನ್ನೆ ಇರಬೇಕು. ಸಿ5 ವಾರದಿಂದ ವಾರಕ್ಕೆ ಏರುತ್ತಿದ್ದರೆ ಅಪ್‌ಗ್ರೇಡ್ ಮಾತು ಬಿಟ್ಟು ಇವತ್ತೇ ಫೋಟೊ, ಕಾಗದಪತ್ರ ಬೇರೆಡೆಗೆ ನಕಲು ಮಾಡಿ. ಸಿ7 ಒಂದೇ ಏರುತ್ತಿದ್ದರೆ ಡಿಸ್ಕಿಗೆ ಬೈಯಬೇಡಿ, ಹೆಚ್ಚಾಗಿ ಅದು ಸಾಟಾ ಕೇಬಲಿನ ತಪ್ಪು. ಕೇಬಲ್ ಬದಲಿಸಿ ನೋಡಿ.

ಸರಿ, ಈಗ ರೋಗ ಗೊತ್ತಾಯಿತು. ದುಡ್ಡು ಹಾಕಬೇಕೇ ಬೇಡವೇ? ಇದಕ್ಕೆ ನಾನು ಬಾಡಿಗೆ ಮನೆಯ ಲೆಕ್ಕ ಹೇಳುತ್ತೇನೆ, ಬೆಂಗಳೂರಿನವರಿಗೆ ಬೇಗ ಅರ್ಥವಾಗುತ್ತದೆ. ಬಾಡಿಗೆ ಮನೆಗೆ ಫ್ಯಾನು, ಗೀಸರು ಹಾಕಿಸಿದರೆ ಖಾಲಿ ಮಾಡುವಾಗ ಬಿಚ್ಚಿಕೊಂಡು ಹೋಗಬಹುದು. ಟೈಲ್ಸ್ ಹಾಕಿಸಿದರೆ ಅದು ಓನರಿಗೆ. ಕಂಪ್ಯೂಟರಿನಲ್ಲೂ ಬಿಚ್ಚಿಕೊಂಡು ಹೋಗುವ ಭಾಗಗಳಿವೆ: ಎಸ್‌ಎಸ್‌ಡಿ, ಮಾನಿಟರು, ಯುಪಿಎಸ್ಸು, ಕೀಬೋರ್ಡು, ಸ್ಟ್ಯಾಂಡರ್ಡ್ ಎಟಿಎಕ್ಸ್ ಅಳತೆಯ ಒಳ್ಳೆಯ ಪವರ್ ಸಪ್ಲೈ. ಇವಕ್ಕೆ ಧಾರಾಳವಾಗಿ ಖರ್ಚು ಮಾಡಿ, ಮುಂದಿನ ಕಂಪ್ಯೂಟರಿಗೂ ಬರುತ್ತವೆ. ಅಲ್ಲೇ ಉಳಿಯುವವು ಹಳೇ ತಲೆಮಾರಿನ ರ‍್ಯಾಮು, ಪ್ರೊಸೆಸರು, ಮದರ್‌ಬೋರ್ಡು. ಈ ಎರಡನೆಯ ಗುಂಪಿಗೆ ಹಾಕುವ ಮೊತ್ತವನ್ನು ಮಾತ್ರ ಕೂಡಿಸಿ. ಅದು ಒಂದು ಒಳ್ಳೆಯ ರಿಫರ್ಬಿಷ್ಡ್, ಅಂದರೆ ಬಳಸಿದ್ದನ್ನು ಸರಿಪಡಿಸಿ ಮಾರುವ, ಕಂಪ್ಯೂಟರಿನ ಬೆಲೆಯ ಮೂರನೇ ಒಂದು ಭಾಗ ದಾಟಿದರೆ ನಾನಾದರೆ ನಿಲ್ಲಿಸುತ್ತೇನೆ. ಮೂರನೇ ಒಂದೇ ಯಾಕೆ, ಅರ್ಧ ಯಾಕಲ್ಲ ಅಂತ ಕೇಳಿದರೆ, ಹಳೇ ಬೋರ್ಡು ನಾಳೆ ಸುಟ್ಟರೆ ಹೋಗುವುದು ಅದರ ಮೇಲೆ ಕೂರಿಸಿದ್ದೆಲ್ಲವೂ.

ರ‍್ಯಾಮ್ ವಿಷಯಕ್ಕೆ ಬರೋಣ, ಹೆಚ್ಚು ಎಡವುವುದು ಇಲ್ಲೇ. ಡಿಡಿಆರ್3, ಡಿಡಿಆರ್4, ಡಿಡಿಆರ್5 ಅನ್ನುವ ಮೂರು ತಲೆಮಾರಿನವು ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ. ನನ್ನ ಕೈಯಲ್ಲಿರುವ ಎರಡು ಪಟ್ಟಿ ನೋಡಿ, ಕೆಳಗಿನ ಕಚ್ಚು ಬೇರೆ ಬೇರೆ ಕಡೆ ಇದೆ. ಒತ್ತಿ ಕೂರಿಸಲು ಹೋದರೆ ಸ್ಲಾಟ್ ಒಡೆಯುತ್ತದೆ. ಲ್ಯಾಪ್‌ಟಾಪಿನಲ್ಲಿ ಇನ್ನೊಂದು ಸೂಕ್ಷ್ಮ. ಇಂಟೆಲ್ ನಾಲ್ಕನೇ ತಲೆಮಾರಿನ (ತಲೆಮಾರು ಗುರುತಿಸುವುದು ಹೇಗೆ ಅಂತ ಮುಂದೆ ಹೇಳುತ್ತೇನೆ) ಲ್ಯಾಪ್‌ಟಾಪುಗಳಿಗೆ ಬೇಕಾಗುವುದು ಡಿಡಿಆರ್3ಎಲ್, 1.35 ವೋಲ್ಟಿನದು. ಅದೇ ಅಳತೆಯ, ಅದೇ ಕಚ್ಚಿನ 1.5 ವೋಲ್ಟಿನ ಸಾದಾ ಡಿಡಿಆರ್3 ಸರಾಗವಾಗಿ ಕೂರುತ್ತದೆ, ಪರದೆ ಮಾತ್ರ ಕಪ್ಪಾಗಿಯೇ ಉಳಿಯುತ್ತದೆ. ಮನೆಯಿಂದ ಹೊರಡುವಾಗ ಹಳೇ ರ‍್ಯಾಮಿನ ಸ್ಟಿಕರಿನ ಫೋಟೊ ತೆಗೆದುಕೊಂಡು ಹೋಗಿ. ಅದರ ಮೇಲೆ 'ಪಿಸಿ3ಎಲ್' ಅಂತಿದ್ದರೆ ಆ 'ಎಲ್' ಬಿಡಬೇಡಿ. ತೆಳ್ಳಗಿನ ಲ್ಯಾಪ್‌ಟಾಪುಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಅಲ್ಲಿ ಬದಲಿಸುವ ಮಾತೇ ಇಲ್ಲ. ಮೆಮೊರಿ ಪುಟದಲ್ಲಿ 'ಸ್ಲಾಟ್ಸ್ ಯೂಸ್ಡ್' 1 ಆಫ್ 2 ಅಂತಿದ್ದರೆ ಆಸೆ ಇಟ್ಟುಕೊಳ್ಳಬಹುದು, ಆದರೂ ಹಿಂದಿನ ಮುಚ್ಚಳ ತೆಗೆದು ಕಣ್ಣಾರೆ ನೋಡಿ.

2025ರ ಕೊನೆಯಿಂದ ಹೊಸ ರ‍್ಯಾಮಿನ ಬೆಲೆ ವಿಪರೀತ ಏರಿತು. ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳುತ್ತಿರುವುದೇ ಕಾರಣ. ಹಾಗಾಗಿ ಎರಡು ವರ್ಷ ಹಿಂದಿನ ಸಲಹೆಗಳನ್ನು ಹಾಗೇ ನಂಬಬೇಡಿ. ಹೊಸ ಕಂಪ್ಯೂಟರಿನ ಬೆಲೆಯಲ್ಲೂ ಆ ಏರಿಕೆ ಸೇರಿದೆ. ಈಗಾಗಲೇ 16 ಜಿಬಿ ಡಿಡಿಆರ್4 ಇರುವ ಕಂಪ್ಯೂಟರ್ ನಿಮ್ಮ ಮನೆಯಲ್ಲಿದ್ದರೆ ಅದನ್ನು ಎಸೆಯುವ ಮೊದಲು ಎರಡು ಸಲ ಯೋಚಿಸಿ.

ಇನ್ನು ಎಲ್ಲರೂ ಕೇಳುವ ವಿಂಡೋಸ್. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆಬಳಕೆಯವರಿಗೆ ಅಂತ ಪ್ರಕಟಿಸಿದ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆಯ ಗಡುವು 2026ರ ಅಕ್ಟೋಬರ್ 13. ಬೆಂಬಲ ಮುಗಿದ ದಿನ ಕಂಪ್ಯೂಟರ್ ನಿಲ್ಲುವುದಿಲ್ಲ, ಪತ್ತೆಯಾದ ಹೊಸ ತೂತುಗಳಿಗೆ ತೇಪೆ ಬರುವುದು ನಿಲ್ಲುತ್ತದೆ. ಟೈಪಿಂಗಿಗೆ ಮಾತ್ರ ಬಳಸುವವರು, ಅದರಲ್ಲೂ ನೆಟ್ ಇಲ್ಲದವರು, ಗಾಬರಿಯಾಗಬೇಕಿಲ್ಲ. ಬ್ಯಾಂಕು, ಷೇರು, ತೆರಿಗೆ ರಿಟರ್ನು ಎಲ್ಲ ಅದರಲ್ಲೇ ಮಾಡುವವರು ಗಾಬರಿಯಾಗಬೇಕು.

ವಿಂಡೋಸ್ 11ಕ್ಕೆ ನಿಮ್ಮ ಕಂಪ್ಯೂಟರ್ ಒಗ್ಗುತ್ತದೆಯೇ? ಪ್ರೊಸೆಸರಿನ ಹೆಸರು ಓದಲು ಕಲಿಯಿರಿ. ಐ5-4460 ಅಂದರೆ ನಾಲ್ಕನೇ ತಲೆಮಾರು, ಐ5-7400 ಏಳನೆಯದು, ಐ5-8400 ಎಂಟನೆಯದು. ಬರಿ ಐ5, ಐ7 ಅನ್ನುವುದು ಏನನ್ನೂ ಹೇಳುವುದಿಲ್ಲ. ನಾಲ್ಕನೇ ತಲೆಮಾರಿನ ಐ7ಗಿಂತ ಹನ್ನೆರಡನೇ ತಲೆಮಾರಿನ ಐ3 ವೇಗವಾಗಿ ಓಡುತ್ತದೆ. ಗಡಿ ಇರುವುದು ಇಂಟೆಲ್‌ನಲ್ಲಿ ಎಂಟನೇ ತಲೆಮಾರಿಗೆ, ಅಂದರೆ 2017ರ ಕೊನೆಯ ಭಾಗದಿಂದ ಈಚಿನವು. ಎಎಂಡಿಯ ರೈಜೆನ್‌ನಲ್ಲಿ ಸುಮಾರಾಗಿ 2000 ಸರಣಿಯಿಂದ, ಆದರೆ ಆ ಸರಣಿಯಲ್ಲೂ ಎಲ್ಲವೂ ಇಲ್ಲ, ಮೈಕ್ರೋಸಾಫ್ಟಿನ ಪಟ್ಟಿಯಲ್ಲಿ ನಿಮ್ಮ ಮಾಡೆಲು ಹುಡುಕಿ. ಜೊತೆಗೆ ಟಿಪಿಎಂ 2.0 (ಗುಪ್ತ ಕೀಲಿಗಳನ್ನು ಕಾಪಾಡುವ ಭದ್ರತಾ ಭಾಗ) ಮತ್ತು ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇರುವ ತಂತ್ರಾಂಶದಿಂದ ಮಾತ್ರ ಕಂಪ್ಯೂಟರ್ ಏಳುವ ವ್ಯವಸ್ಥೆ) ಬೇಕು. ಎಂಟನೇ ತಲೆಮಾರಿನ ಕಂಪ್ಯೂಟರಿದ್ದೂ "ಟಿಪಿಎಂ ಇಲ್ಲ" ಅಂತ ಬಂದರೆ ಹೆಚ್ಚಾಗಿ ಅದು ಬೋರ್ಡಿನ ಮೂಲ ತಂತ್ರಾಂಶವಾದ ಬಯಾಸ್‌ನಲ್ಲಿ ಮಲಗಿರುತ್ತದೆ. ಇಂಟೆಲ್ ಬೋರ್ಡಿನಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಅನ್ನುವ ಹೆಸರಲ್ಲಿ ಇರುತ್ತದೆ, ಆನ್ ಮಾಡಿದರೆ ಆಯಿತು.

ಸೆಕ್ಯೂರ್ ಬೂಟಿಗೆ ಹೋಗುವಾಗ ಒಂದು ಕ್ರಮ ಇದೆ, ಹಿಂದುಮುಂದಾದರೆ ಕಂಪ್ಯೂಟರ್ ಏಳುವುದಿಲ್ಲ. ಹಳೇ ರೀತಿ ಇನ್‌ಸ್ಟಾಲ್ ಮಾಡಿದ ಡಿಸ್ಕು ಎಂಬಿಆರ್ ಅನ್ನುವ ಹಳೇ ರೂಪದಲ್ಲಿರುತ್ತದೆ, ಸೆಕ್ಯೂರ್ ಬೂಟಿಗೆ ಜಿಪಿಟಿ ಅನ್ನುವ ಹೊಸ ರೂಪ ಬೇಕು. ಮೊದಲು ವಿಂಡೋಸಿನಲ್ಲೇ ಇರುವ ಎಂಬಿಆರ್2ಜಿಪಿಟಿ ಅನ್ನುವ ಉಪಕರಣದಿಂದ ತಪಾಸಣೆ ಮಾಡಿ, ಅದು ಸರಿ ಅಂದ ಮೇಲೆ ಡಿಸ್ಕನ್ನು ಜಿಪಿಟಿಗೆ ಬದಲಿಸಿ, ಆಮೇಲೆಯೇ ಬಯಾಸ್‌ಗೆ ಹೋಗಿ ಲೆಗಸಿ ಅನ್ನುವ ಹಳೇ ಬೂಟ್ ವಿಧಾನದಿಂದ ಯುಇಎಫ್ಐ ಅನ್ನುವ ಹೊಸದಕ್ಕೆ ತಿರುಗಿಸಿ. ಮೊದಲೇ ಬಯಾಸ್ ತಿರುಗಿಸಿದವರಿಗೆ "ಬೂಟ್ ಡಿವೈಸ್ ಸಿಗಲಿಲ್ಲ" ಅನ್ನುವ ಕಪ್ಪು ಪರದೆ ಬರುತ್ತದೆ. ಡಿಸ್ಕಿನ ಮಾಹಿತಿಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ ಈ ಕೆಲಸಕ್ಕೆ ಮುಂಚೆ ಅದನ್ನು ತಡೆಹಿಡಿಯಿರಿ, 48 ಅಂಕಿಯ ರಿಕವರಿ ಕೀ ಒಂದು ಕಾಗದದ ಮೇಲೆ ಬರೆದಿಡಿ. ಬರೆದಿಟ್ಟ ಕಾಗದವನ್ನು ಅದೇ ಕಂಪ್ಯೂಟರಿನಲ್ಲಿ ಸ್ಕ್ಯಾನ್ ಮಾಡಿಟ್ಟರೆ ಪ್ರಯೋಜನ ಇಲ್ಲ. ನಗಬೇಡಿ, ಹಾಗೂ ಮಾಡುತ್ತಾರೆ.

ತಪಾಸಣೆ ಬೈಪಾಸ್ ಮಾಡಿ ಹಳೇ ಕಂಪ್ಯೂಟರಿಗೆ ವಿಂಡೋಸ್ 11 ಹಾಕಿಕೊಡುತ್ತೇವೆ ಅನ್ನುವವರು ಗಲ್ಲಿಗೊಬ್ಬರಿದ್ದಾರೆ. ಆಗುತ್ತದೆ, ಓಡುತ್ತದೆ. ಆದರೆ ಅಂಥ ಕಂಪ್ಯೂಟರಿಗೆ ಅಪ್‌ಡೇಟ್ ಕೊಡುವ ಹೊಣೆ ತನ್ನದಲ್ಲ ಅಂತ ಮೈಕ್ರೋಸಾಫ್ಟ್ ಹೇಳಿದೆ. ಪ್ರಯೋಗಕ್ಕೆ ಇಟ್ಟ ಯಂತ್ರವಾದರೆ ಮಾಡಿ. ನಿವೃತ್ತರ ಪಿಂಚಣಿ ಖಾತೆ ತೆರೆಯುವ ಕಂಪ್ಯೂಟರಿಗೆ ಬೇಡ.

ಹಿಂದಿನ ಸಾಲಿನಿಂದ ಒಂದು ಪ್ರಶ್ನೆ ಬಂತು: "ನಮ್ಮದು ಏಳನೇ ತಲೆಮಾರು, ಸಾಕೆಟ್ 1151. ಎಂಟನೇ ತಲೆಮಾರಿನದೂ 1151. ಪ್ರೊಸೆಸರ್ ಮಾತ್ರ ಬದಲಿಸಿದರೆ ಆಗದೇ?" ಬಹಳ ಜನ ಬೀಳುವ ಗುಂಡಿ ಇದು. ಅಳತೆ ಒಂದೇ, ಕೂರುತ್ತದೆ ಕೂಡ. ಆದರೆ ಎಂಟನೆಯದಕ್ಕೆ ಬೋರ್ಡಿನಲ್ಲಿ 300 ಸರಣಿಯ ಚಿಪ್‌ಸೆಟ್ ಬೇಕು, ಪಿನ್ನುಗಳ ಹಂಚಿಕೆ ಬೇರೆ. ಹಳೇ ಬೋರ್ಡಿನಲ್ಲಿ ಏಳುವುದಿಲ್ಲ. ಬೋರ್ಡೂ ಬದಲಿಸಿದಿರಿ ಅನ್ನಿ, ಕಂಪ್ಯೂಟರಿನ ಜೊತೆ ಬಂದ ಒಇಎಂ ವಿಂಡೋಸ್ ಲೈಸೆನ್ಸು ಹಳೇ ಬೋರ್ಡಿಗೆ ಕಟ್ಟಿಕೊಂಡದ್ದು, ಅದೂ ಹೋಯಿತು. ಬ್ರ್ಯಾಂಡೆಡ್ ಡೆಸ್ಕ್‌ಟಾಪಾದರೆ ಇನ್ನೂ ಕಷ್ಟ. ಹಲವು ಮಾಡೆಲುಗಳಲ್ಲಿ ಪವರ್ ಸಪ್ಲೈಗೆ ಎಲ್ಲರಂತೆ 24 ಪಿನ್ನಿನ ತುದಿ ಇರುವುದಿಲ್ಲ, ಕಂಪನಿಯದೇ ಆರೋ ಎಂಟೋ ಪಿನ್ನು. ಹೊಸ ಬೋರ್ಡಿಗೆ ಅದು ಸೇರದು. ಪವರ್ ಸಪ್ಲೈ ಬದಲಿಸಿದರೆ ಕ್ಯಾಬಿನೆಟ್ಟಿಗೆ ಸೇರದು. ಹೀಗೆ ಒಂದೊಂದೇ ಬದಲಿಸುತ್ತಾ ಹೋಗಿ ಕೊನೆಗೆ ಹಳೆಯದು ಅಂತ ಉಳಿಯುವುದು ಡಿವಿಡಿ ಡ್ರೈವ್ ಒಂದೇ.

ಅದೃಷ್ಟವಂತರು ಎಎಂ4 ಬೋರ್ಡಿನವರು. 2018ರ ರೈಜೆನ್ 5 2600 ಇದ್ದ ಬೋರ್ಡಿಗೆ ಬಯಾಸ್ ಅಪ್‌ಡೇಟ್ ಮಾಡಿ ರೈಜೆನ್ 5 5600 ಕೂರಿಸಬಹುದು, ಬೋರ್ಡಿನ ತಯಾರಕರ ಪಟ್ಟಿಯಲ್ಲಿ ಆ ಹೆಸರಿದ್ದರೆ. ಹಳೇ ಪ್ರೊಸೆಸರ್ ಇರುವಾಗಲೇ ಬಯಾಸ್ ಅಪ್‌ಡೇಟ್ ಮುಗಿಸಿ, ಆಮೇಲೆ ಹೊಸದು ಹಾಕಿ. ಅಪ್‌ಡೇಟ್ ನಡೆಯುವ ಆ ನಾಲ್ಕೈದು ನಿಮಿಷ ಯುಪಿಎಸ್ ಮೇಲಿರಲಿ. ಮಧ್ಯೆ ಕರೆಂಟ್ ಹೋದರೆ ಬೋರ್ಡು ಇಟ್ಟಿಗೆಯಾಗುತ್ತದೆ. ಮಳೆ ಮೋಡ ಕವಿದ ಸಂಜೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಎಸ್‌ಎಸ್‌ಡಿ ಹಾಕುವ ವಿಧಾನ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಮನೆಯಲ್ಲೇ ಮಾಡಬಹುದಾದದ್ದು. ನಾಲ್ಕನೇ ತಲೆಮಾರಿನ, ಅದಕ್ಕಿಂತ ಹಿಂದಿನ ಕಂಪ್ಯೂಟರಿಗೆ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿಯನ್ನೇ ತನ್ನಿ. ಆ ಕಾಲದ ಬಯಾಸ್‌ಗಳು ಸಾಮಾನ್ಯವಾಗಿ ಹೊಸ ಕಾಲದ, ಇನ್ನೂ ವೇಗದ ಜಾತಿಯಾದ ಎನ್‌ವಿಎಂಇಯಿಂದ ಬೂಟ್ ಆಗುವುದಿಲ್ಲ. ಈಚಿನ ಲ್ಯಾಪ್‌ಟಾಪಾದರೆ ಎಂ.2 ಸ್ಲಾಟ್ ಇರುತ್ತದೆ, ಹೆಚ್ಚಾಗಿ 22 ಮಿ.ಮೀ. ಅಗಲ 80 ಮಿ.ಮೀ. ಉದ್ದದ ಪಟ್ಟಿ. ಅದರಲ್ಲೂ ಎರಡು ಜಾತಿ. ಸಾಟಾ ಎಂ.2ಗೆ ಹೆಚ್ಚಾಗಿ ಎರಡು ಕಚ್ಚು, ಎನ್‌ವಿಎಂಇಗೆ ಒಂದು. ಸ್ಲಾಟ್ ಯಾವುದನ್ನು ಒಪ್ಪುತ್ತದೆ ಅಂತ ಲ್ಯಾಪ್‌ಟಾಪಿನ ಕೈಪಿಡಿಯಲ್ಲಿ ನೋಡಿ. 500 ಜಿಬಿ ಮನೆಗೆ ಸಾಕು. 128 ಜಿಬಿ ಅಗ್ಗ ಅಂತ ತಂದರೆ ವಿಂಡೋಸು, ಅದರ ಅಪ್‌ಡೇಟು ಸೇರಿ ವರ್ಷದೊಳಗೆ ತುಂಬುತ್ತದೆ.

ಹಳೇ ಡಿಸ್ಕು ಆರೋಗ್ಯವಾಗಿದ್ದರೆ ಮಾತ್ರ ಕ್ಲೋನ್, ಅಂದರೆ ಇದ್ದದ್ದನ್ನೆಲ್ಲ ಹಾಗೇ ಹೊಸದಕ್ಕೆ ನಕಲು, ಮಾಡಿ. ಸಿ5 ಏರುತ್ತಿರುವ ಡಿಸ್ಕನ್ನು ಕ್ಲೋನ್ ಮಾಡಲು ಹೋದರೆ ಅದು ಅರ್ಧದಲ್ಲೇ ಪ್ರಾಣ ಬಿಡಬಹುದು. ಮೊದಲು ಮುಖ್ಯ ಫೈಲುಗಳ ನಕಲು ಬೇರೆ ಡಿಸ್ಕಿಗೆ. ಯುಎಸ್‌ಬಿ-ಸಾಟಾ ಕೇಬಲಿನಲ್ಲಿ ಹೊಸ ಎಸ್‌ಎಸ್‌ಡಿ ಜೋಡಿಸಿ, ಕ್ಲೋನ್ ಓಡಿಸಿ. ಮುಗಿದ ಮೇಲೆ ಆಫ್ ಮಾಡಿ, ಹಳೇ ಡಿಸ್ಕಿನ ಕೇಬಲ್ ಕಿತ್ತು, ಹೊಸದೊಂದನ್ನೇ ಇಟ್ಟು ಮೊದಲ ಸಲ ಆನ್ ಮಾಡಿ. ಎರಡನ್ನೂ ಒಟ್ಟಿಗೆ ಇಟ್ಟು ಬೂಟ್ ಮಾಡಿದರೆ ಒಂದೇ ಗುರುತಿನ ಎರಡು ಡಿಸ್ಕು ಕಂಡು ವಿಂಡೋಸ್ ಒಂದನ್ನು ಆಫ್‌ಲೈನ್ ಮಾಡುತ್ತದೆ, ಇಲ್ಲವೇ ಹಳೆಯದರಿಂದಲೇ ಏಳುತ್ತದೆ. "ಎಸ್‌ಎಸ್‌ಡಿ ಹಾಕಿದರೂ ಅಷ್ಟೇ ಸ್ಲೋ" ಅನ್ನುವವರಲ್ಲಿ ಕೆಲವರ ಸಮಸ್ಯೆ ಇದೇ.

ಪವರ್ ಸಪ್ಲೈ ಬಗ್ಗೆ ಯಾರೂ ಕೇಳುವುದಿಲ್ಲ. ಈ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ 450 ವ್ಯಾಟ್ ಅಂತ ಇದೆ. ಕೆಳಗಿನ ಕೋಷ್ಟಕದಲ್ಲಿ 12 ವೋಲ್ಟಿನ ಸಾಲು ನೋಡಿ, 18 ಆಂಪಿಯರ್. ಹನ್ನೆರಡು ಹದಿನೆಂಟಲಿ 216. ಈಗಿನ ಪ್ರೊಸೆಸರು, ಗ್ರಾಫಿಕ್ಸ್ ಕಾರ್ಡು ಎಳೆಯುವುದು ಈ ಸಾಲಿನಿಂದ. ಅಂದರೆ ಕೆಲಸಕ್ಕೆ ಬರುವುದು 216 ವ್ಯಾಟ್. ಮಗನಿಗೆ ಗೇಮಿಗೆ ಅಂತ ಗ್ರಾಫಿಕ್ಸ್ ಕಾರ್ಡ್ ತಂದು ಇದಕ್ಕೆ ಜೋಡಿಸಿದರೆ ಆಟದ ನಡುವೆ ಧಡಕ್ಕನೆ ಆಫ್ ಆಗುತ್ತದೆ.

ಕರೆಂಟ್ ಉಳಿತಾಯಕ್ಕೆ ಹೊಸದು ತಗೊಳ್ಳಿ ಅನ್ನುವ ವಾದವೂ ಇದೆ. ಹಳೇ ಡೆಸ್ಕ್‌ಟಾಪು ಹೊಸ ಮಿನಿ ಪಿಸಿಗಿಂತ 50 ವ್ಯಾಟ್ ಜಾಸ್ತಿ ತಿನ್ನುತ್ತದೆ ಅಂತಲೇ ಇಟ್ಟುಕೊಳ್ಳಿ. ದಿನಕ್ಕೆ ಆರು ಗಂಟೆ, ತಿಂಗಳಿಗೆ 9 ಯೂನಿಟ್. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೂ 54 ರೂಪಾಯಿ. ಎರಡು ಕಾಫಿ.

ಬದಲಿಸುವುದೇ ಅಂತ ಆದರೆ ರಿಫರ್ಬಿಷ್ಡ್ ಮರೆಯಬೇಡಿ. ಈ ಊರಿನ ಕಂಪನಿಗಳು ಕೆಲವು ವರ್ಷಕ್ಕೊಮ್ಮೆ ಬದಲಿಸಿ ಹೊರಹಾಕುವ ಆಫೀಸ್ ಕಂಪ್ಯೂಟರುಗಳು ಎಸ್.ಪಿ. ರೋಡಿಗೂ ಬರುತ್ತವೆ. ಎಂಟನೇ ತಲೆಮಾರಿಗಿಂತ ಕೆಳಗಿನದನ್ನು ಎಷ್ಟೇ ಅಗ್ಗವಿದ್ದರೂ ಮುಟ್ಟಬೇಡಿ. ಅಂಗಡಿಯಲ್ಲೇ ಪೆನ್‌ಡ್ರೈವಿನಿಂದ ಕ್ರಿಸ್ಟಲ್ ಡಿಸ್ಕ್ ಇನ್ಫೊ ಓಡಿಸಿ, ಎಷ್ಟು ಗಂಟೆ ಓಡಿದೆ ನೋಡಿ. ಲ್ಯಾಪ್‌ಟಾಪಾದರೆ ಚಾರ್ಜರ್ ಕಿತ್ತು ಹತ್ತು ನಿಮಿಷ ಇಡಿ, ಬ್ಯಾಟರಿಯ ಬಣ್ಣ ತಿಳಿಯುತ್ತದೆ. ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ ಇಲ್ಲದೆ ಹೊರಡಬೇಡಿ. "ಬಿಲ್ ಬೇಡ ಅಂದ್ರೆ 18 ಪರ್ಸೆಂಟ್ ಕಮ್ಮಿ" ಅನ್ನುತ್ತಾರೆ, ಆ 18ರ ಜೊತೆ ವಾರಂಟಿಯೂ ಹೋಗುತ್ತದೆ. ಸೆಕೆಂಡ್ ಹ್ಯಾಂಡ್ ರ‍್ಯಾಮ್ ತಂದರೆ ರಾತ್ರಿ ಇಡೀ ಅದನ್ನು ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಿಸಿ, ಒಂದೇ ಒಂದು ತಪ್ಪು ಕಂಡರೂ ಬೆಳಗ್ಗೆ ವಾಪಸ್ ಮಾಡಿ.

ಇಲ್ಲಿ ಡಿಟಿಪಿ ಮಾಡುವವರು ಒಂದಿಬ್ಬರು ಇದ್ದೀರಿ. ನಿಮಗೆ ಲೆಕ್ಕ ಬೇರೆ. ವಿಂಡೋಸ್ 11ರಲ್ಲಿ 32 ಬಿಟ್ ಆವೃತ್ತಿಯೇ ಇಲ್ಲ. ಹಳೇ ಪ್ರಿಂಟರಿಗೆ 32 ಬಿಟ್ ಡ್ರೈವರ್ ಮಾತ್ರ ಇದ್ದರೆ ಅದು ಮೂಕವಾಗುತ್ತದೆ. ಹಳೇ ನುಡಿ ಫಾಂಟಿನಲ್ಲಿ, ಯುನಿಕೋಡ್ ಅಲ್ಲದ ರೂಪದಲ್ಲಿ, ಇಟ್ಟಿರುವ ಫೈಲುಗಳು ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಗೀಚುಗೀಚಾಗಿ ಕಾಣುತ್ತವೆ. ಹಳೆಯದು ಇನ್ನೂ ಓಡುತ್ತಿರುವಾಗಲೇ ಯುನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರ, ಅರ್ಕಾವತ್ತುಗಳನ್ನು ಮೂಲದ ಜೊತೆ ಹೋಲಿಸಿ ತಿದ್ದಿ. ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ ಹಾಕಿಕೊಳ್ಳೋಣ ಅನ್ನುವವರೂ ಇದನ್ನು ಮೊದಲು ಮಾಡಿ. ಮಿಂಟನ್ನು 8 ಜಿಬಿ ಪೆನ್‌ಡ್ರೈವಿನಿಂದಲೇ, ಡಿಸ್ಕಿಗೆ ಏನೂ ಮಾಡದೆ, ಓಡಿಸಿ ನೋಡಬಹುದು. ವೈಫೈ, ಸದ್ದು, ಪ್ರಿಂಟರು, ಕನ್ನಡ ಕೀಲಿ ವಿನ್ಯಾಸ ನಾಲ್ಕೂ ಸರಿ ಬಂದರೆ ನಾಲ್ಕನೇ ತಲೆಮಾರಿನ ಕಂಪ್ಯೂಟರ್ ಇನ್ನೂ ಕೆಲವು ವರ್ಷ ನೆಮ್ಮದಿಯಾಗಿ ನಡೆಯುತ್ತದೆ. ಡಿಜಿಟಲ್ ಸಹಿಯ ಟೋಕನ್, ಟ್ಯಾಲಿ ಬಳಸುವವರು ಮಾತ್ರ ವಿಂಡೋಸಿನಲ್ಲೇ ಇರಿ.

ಹೊಸದು ಬಂದ ಮೇಲೂ ಹಳೆಯದನ್ನು ಒಂದು ತಿಂಗಳು ಮುಟ್ಟದೆ ಮೂಲೆಯಲ್ಲಿಡಿ. ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡು, ಡೆಸ್ಕ್‌ಟಾಪಿನ ಮೇಲೆ ಬಿಟ್ಟ ಆಧಾರ್ ಸ್ಕ್ಯಾನು, ಇಂಥವು ನೆನಪಾಗುವುದು ಎರಡು ಮೂರು ವಾರದ ಮೇಲೆ. ಆಮೇಲೆ ಕೊಡುವಾಗ ಗುಜರಿಗೆ ಹಾಕಬೇಡಿ. ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ, ನೋಂದಾಯಿತ ಮರುಬಳಕೆದಾರರಿಗೇ ಕೊಡಿ. ದಾಬಸ್‌ಪೇಟೆಯಲ್ಲಿ ಇ-ಪರಿಸರ ಅನ್ನುವ ಅಂಥ ಸಂಸ್ಥೆ ಇದೆ, ಅಪಾರ್ಟ್‌ಮೆಂಟ್ ಸಂಘಗಳು ಆಗಾಗ ಸಂಗ್ರಹದ ದಿನ ಇಡುತ್ತವೆ. ಉಬ್ಬಿದ ಲ್ಯಾಪ್‌ಟಾಪ್ ಬ್ಯಾಟರಿಯನ್ನು ಚುಚ್ಚಬೇಡಿ, ಕಸದ ಬುಟ್ಟಿಗೂ ಬೇಡ, ಬೇರೆಯಾಗಿಯೇ ಅವರ ಕೈಗೆ ಕೊಡಿ.

ಡಿಲೀಟ್ ಮಾಡಿದ್ದು, ಫಾರ್ಮ್ಯಾಟ್ ಮಾಡಿದ್ದು ಅಳಿಸಿದ ಹಾಗಲ್ಲ, ಹಲವು ಸಲ ಉಚಿತ ತಂತ್ರಾಂಶದಲ್ಲೇ ವಾಪಸ್ ಬರುತ್ತದೆ. ಹಾಗಾಗಿ ಕ್ಯಾಬಿನೆಟ್ ಸಾಗಿಸುವ ಮುನ್ನ ಹಾರ್ಡ್ ಡಿಸ್ಕು ಬಿಚ್ಚಿಕೊಳ್ಳಿ. ಇಲ್ಲಿ ನೋಡಿ, ಈ ಬದಿ ಎರಡು ಸ್ಕ್ರೂ, ಆ ಬದಿ ಎರಡು. ಡೇಟಾ ಕೇಬಲು, ಪವರ್ ಕೇಬಲು ನೇರ ಹಿಂದಕ್ಕೆ ಎಳೆಯಿರಿ, ಅಲುಗಾಡಿಸಬೇಡಿ. ಈಚೆ ಬಂತು.